ಸೌರ ಪಂಪ್‌ಸೆಟ್ ಸಹಾಯಧನ, ಕರ್ನಾಟಕದಲ್ಲಿ

ಬಾವಿ, ಬೋರುಗಳಿಂದ ನೀರೆತ್ತಲು ಸೌರ ವಿದ್ಯುತ್ತನ್ನು ಬಳಸುವ ರೈತನಿಗೆ ಪಂಪು, ಫಲಕ, ನಿಯಂತ್ರಕಗಳ ಬೆಲೆಯಲ್ಲಿ ಸರ್ಕಾರ ಭರಿಸುವ ಪಾಲನ್ನು ಸೌರ ಪಂಪ್‌ಸೆಟ್ ಸಹಾಯಧನ ಎನ್ನುತ್ತಾರೆ. ಭಾರತದಲ್ಲಿ ಇದು 1990ರ ದಶಕದ ಮೊದಲ ವರ್ಷಗಳಲ್ಲೇ ಕೇಂದ್ರದ ಪ್ರಾತ್ಯಕ್ಷಿಕೆ ಯೋಜನೆಯಾಗಿ ಆರಂಭವಾಯಿತು. ಆಗ ಫಲಕಗಳು ವಿಪರೀತ ತುಟ್ಟಿಯಾಗಿದ್ದುದರಿಂದ ಅದು ಹೊಲಗಳಿಗೆ ಹಬ್ಬಲಿಲ್ಲ. 2010ರ ರಾಷ್ಟ್ರೀಯ ಸೌರ ಮಿಷನ್ ನಂತರ ಬೆಲೆ ಇಳಿಯುತ್ತ ಬಂದಂತೆ ರಾಜ್ಯಗಳು ಕೈಹಾಕಿದವು. ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯನ್ನು ಎಷ್ಟು ಪಂಪು ಹಂಚಿದರು ಎಂಬ ಲೆಕ್ಕದಿಂದ ಓದಿದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಪ್ರತಿ ಹಂತದಲ್ಲೂ ಕೇಳಬೇಕಾದದ್ದು ಇಷ್ಟು: ಪಂಪು ನಿಂತಿರುವಾಗ ಉಳಿಯುವ ಕರೆಂಟು ಯಾರದ್ದು? 2014ರಲ್ಲಿ ಅದು ರೈತನದ್ದು ಎಂದು ಹೊರಟ ರಾಜ್ಯ ಹತ್ತು ವರ್ಷಗಳಲ್ಲಿ ಆ ಮಾತನ್ನು ಸದ್ದಿಲ್ಲದೆ ಕೈಬಿಟ್ಟಿತು. ಅದರ ಜೊತೆಗೆ ನೀರಿಗೆ ಒಂದು ಬೆಲೆ ಕಟ್ಟುವ ಅವಕಾಶವೂ ಹೋಯಿತು.

ಹಿನ್ನೆಲೆಯಲ್ಲಿರುವುದು ಉಚಿತ ವಿದ್ಯುತ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯ 2008ರಿಂದ ಕರೆಂಟಿನ ಬಿಲ್ಲು ಹಾಕುತ್ತಿಲ್ಲ. ಇಂದು ಅಂಥ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳಿಗೇ ಹೋಗುತ್ತದೆ, ಅದೂ ಬಹುತೇಕ ಮೀಟರ್ ಇಲ್ಲದೆ. ಬೆಂಗಳೂರಿನ ತ್ಯಾಗರಾಜನಗರದ ಮನೆಗೂ ಕನಕಪುರ, ಕೋಲಾರ, ಪಾವಗಡದ ಬೋರಿಗೂ ಕರೆಂಟು ಕೊಡುವುದು 2002ರಲ್ಲಿ ಸ್ಥಾಪನೆಯಾದ ಒಂದೇ ಬೆಸ್ಕಾಂ. ನಗರ ದಾಟಿ ಹೊಲಗಳಿಗೆ ಹೋದ ತಂತಿಯ ಖರ್ಚು ತುಸು ರಾಜ್ಯದ ಬೊಕ್ಕಸಕ್ಕೆ, ತುಸು ನಗರದ ಅಂಗಡಿ, ಕಾರ್ಖಾನೆಗಳ ದರಕ್ಕೆ ಬೀಳುತ್ತದೆ. ಹಾಗೆಂದು ರೈತ ಸುಖವಾಗಿದ್ದಾನೆ ಎಂದಲ್ಲ. ದಿನಕ್ಕೆ ಏಳು ಗಂಟೆಯ ತ್ರೀ ಫೇಸ್, ಅದರಲ್ಲೂ ಒಂದು ಪಾಲು ರಾತ್ರಿ. ವೋಲ್ಟೇಜ್ ಬಿದ್ದರೆ ಮೋಟರ್ ಸುಡುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ವಾರಗಟ್ಟಲೆ ಕಾಯಬೇಕು. ಸೌರ ಪಂಪಿನ ಸಹಾಯಧನ ಹುಟ್ಟಿದ್ದು ಈ ಎರಡು ಕಡೆಯ ಬೇಸರದಿಂದ. ವರ್ಷವರ್ಷವೂ ಸುರಿಯುವ ಹಣವನ್ನು ಒಂದೇ ಸಲ ಬಂಡವಾಳವಾಗಿ ಕೊಟ್ಟು ಕೈತೊಳೆದುಕೊಳ್ಳುವ ಆಸೆ ಸರ್ಕಾರದ್ದು, ಹಗಲು ನೀರು ಹಾಯಿಸುವ ಆಸೆ ರೈತನದ್ದು.

2014ರ ಸೂರ್ಯ ರೈತ ಯೋಜನೆ ಈ ಚರಿತ್ರೆಯ ಅತ್ಯಂತ ಧೈರ್ಯದ ಅಧ್ಯಾಯ. ಕನಕಪುರ ತಾಲ್ಲೂಕಿನ ಹಾರೋಬೆಲೆ ಸುತ್ತಮುತ್ತ ಮುನ್ನೂರರಷ್ಟು ಪಂಪ್‌ಸೆಟ್‌ಗಳನ್ನು ಬೆಸ್ಕಾಂ ಇದಕ್ಕೆ ಆರಿಸಿಕೊಂಡಿತು. ಹಳೆಯ ಪಂಪು ತೆಗೆದು ಕಡಿಮೆ ಕರೆಂಟು ನುಂಗುವ ಹೊಸದನ್ನು ಇಳಿಸುವುದು, ಅದರ ಅಗತ್ಯಕ್ಕಿಂತ ಹೆಚ್ಚು ಸಾಮರ್ಥ್ಯದ ಫಲಕ ಕೂರಿಸುವುದು, ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರುವುದು ಇದರ ವಿಧಾನ. ಸಹಾಯಧನ ಪಡೆದ ಸೌರ ಘಟಕಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ್ದ ದರ ಯೂನಿಟ್ಟಿಗೆ 7.20 ರೂಪಾಯಿ. ಇದರ ಅರ್ಥವನ್ನು ಹೊಲದಲ್ಲೇ ನಿಂತು ಲೆಕ್ಕ ಹಾಕಬಹುದು. 5 ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಸುಮಾರು ನಾಲ್ಕು ಯೂನಿಟ್. ಅಂದರೆ ಬೇಡದಿದ್ದರೂ ಹರಿಸಿದ ಒಂದು ಗಂಟೆಯ ನೀರು ಸುಮಾರು 29 ರೂಪಾಯಿ ಆದಾಯದ ನಷ್ಟ. ಪಂಪು, ಫಲಕಕ್ಕೆಂದು ಪಡೆದ ಸಾಲ ತೀರುವವರೆಗೆ ಆ ಆದಾಯದ ಬಹುಪಾಲು ಕಂತಿಗೆ ಹೋಗುತ್ತಿದ್ದುದು ನಿಜ, ಆದರೂ ಅದು ರೈತನ ಸಾಲವೇ. ಬಿಲ್ಲು ಹಾಕದೆ, ಯಾರನ್ನೂ ಗದರಿಸದೆ, ಅಂತರ್ಜಲಕ್ಕೆ ಒಂದು ಬೆಲೆ ಬಂದಿತ್ತು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಸೌರ ನೀರಾವರಿ ರೈತರ ಸಹಕಾರ ಸಂಘ ಯೂನಿಟ್ಟಿಗೆ 4.63 ರೂಪಾಯಿಯಂತೆ ಮಾರಲು 25 ವರ್ಷದ ಒಪ್ಪಂದ ಮಾಡಿಕೊಂಡು ಹೆಸರಾದದ್ದು ಇದಾದ ಮೇಲೆ.

ಸೂರ್ಯ ರೈತ ರಾಜ್ಯವ್ಯಾಪಿ ಆಗಲಿಲ್ಲ. ದರ ದುಬಾರಿ ಎಂಬ ಆಕ್ಷೇಪಕ್ಕೆ ತೂಕವಿದೆ: 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಸೌರ ವಿದ್ಯುತ್ 2.44 ರೂಪಾಯಿಗೆ ಬಂದಾಗ 7.20 ಕೊಡುವ ವಿದ್ಯುತ್ ಸರಬರಾಜು ಕಂಪನಿ ನಗೆಪಾಟಲಾಗುತ್ತದೆ. ಆದರೆ ಇಲ್ಲಿ ಕೊಳ್ಳುತ್ತಿದ್ದುದು ಬರೀ ಕರೆಂಟಲ್ಲ, ಎತ್ತದೆ ಬಿಟ್ಟ ನೀರನ್ನೂ. ಭಡ್ಲಾ ದರದಲ್ಲಿ ಅದು ಸಿಗುವುದಿಲ್ಲ. ದರ ಇಳಿಸಿ ಮುಂದುವರಿಸುವ ದಾರಿಯೂ ಇತ್ತು. ರೈತ ಕರೆಂಟು ವ್ಯಾಪಾರ ಮಾಡಲಾರ ಎಂಬ ಇನ್ನೊಂದು ಆಕ್ಷೇಪಕ್ಕೆ, ಭೂಮಾಲೀಕ ರೈತರಿಗೆಂದು ಅದೇ ಕಾಲದಲ್ಲಿ ತಂದ 1ರಿಂದ 3 ಮೆಗಾವಾಟ್ ಸ್ಥಾವರಗಳ ಯೋಜನೆಯನ್ನು ಉದಾಹರಿಸುತ್ತಾರೆ. ಅಲ್ಲಿ 8.40 ರೂಪಾಯಿ ದರ, ತಡವಾದ ಸ್ಥಾವರಗಳ ದರ ಕಡಿತ, ಮೇಲ್ಮನವಿ ನ್ಯಾಯಮಂಡಳಿಯವರೆಗೆ ವ್ಯಾಜ್ಯ ಎಲ್ಲವೂ ಆದವು. ಆದರೆ ಕೋಟಿಗಟ್ಟಲೆ ಬಂಡವಾಳ ಬೇಡುವ ಸ್ಥಾವರವನ್ನೂ ಬೋರಿನ ಪಕ್ಕದ ಐದಾರು ಕಿಲೋವಾಟ್ ಫಲಕವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ.

2019ರಲ್ಲಿ ಕೇಂದ್ರದ ಪಿಎಂ-ಕುಸುಮ್ ಬಂದ ಮೇಲೆ ಆಟದ ನಿಯಮವೇ ಬದಲಾಯಿತು. ಅದರ ‘ಬಿ’ ಘಟಕ ಗ್ರಿಡ್ ಇಲ್ಲದ ಕಡೆಗೆ ಒಂಟಿ ಸೌರ ಪಂಪ್. ಕೇಂದ್ರ 30, ರಾಜ್ಯ 30, ಉಳಿದದ್ದು ರೈತನದ್ದು ಎಂಬುದು ಮೂಲ ಹಂಚಿಕೆ. ಕರ್ನಾಟಕ ತನ್ನ ಪಾಲನ್ನು ಶೇ 50ಕ್ಕೆ ಏರಿಸಿ ರೈತನ ವಂತಿಗೆಯನ್ನು ಶೇ 20ಕ್ಕೆ ಇಳಿಸಿತು. ವಿದ್ಯುತ್ ಜಾಲದಿಂದ 500 ಮೀಟರ್‌ಗಿಂತ ದೂರದ ಬೋರುಗಳಿಗೆ ಕಂಬ ನೆಡುವ ಬದಲು ಇದನ್ನೇ ಕೊಡುವ ನೀತಿಯೂ ಬಂತು, ಅದು ಸರಿಯಾದ ನಿರ್ಧಾರ. ತೊಂದರೆ ಬೇರೆ ಎರಡು. ಕೇಂದ್ರದ ನೆರವು 7.5 ಎಚ್‌ಪಿ ಪಂಪಿನ ಲೆಕ್ಕಕ್ಕೆ ನಿಲ್ಲುತ್ತದೆ. ಸಾವಿರ ಅಡಿ ದಾಟಿದ ಕೋಲಾರ, ಚಿಕ್ಕಬಳ್ಳಾಪುರದ ಬೋರುಗಳಿಗೆ ಅದು ಸಾಲದು. ಇನ್ನೊಂದು, 5 ಕಿಲೋವಾಟ್ ಫಲಕ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡುತ್ತದೆ. ಬೆಳೆ ಇಲ್ಲದ ತಿಂಗಳಲ್ಲಿ ಅದು ಯಾರಿಗೂ ದಕ್ಕದೆ ಹೋಗುತ್ತದೆ, ಇಲ್ಲವೇ ಪುಕ್ಕಟೆ ಎಂದು ನೀರೆತ್ತುವುದಕ್ಕೆ ಬಳಕೆಯಾಗುತ್ತದೆ.

‘ಸಿ’ ಘಟಕದಲ್ಲಿ ಕರ್ನಾಟಕ ಹಿಡಿದದ್ದು ಫೀಡರ್ ಸೌರೀಕರಣ. ಉಪಕೇಂದ್ರದ ಬಳಿ ಖಾಸಗಿ ಕಂಪನಿ ಸ್ಥಾವರ ಹಾಕುತ್ತದೆ, ಮೆಗಾವಾಟಿಗೆ 1.05 ಕೋಟಿ ರೂಪಾಯಿವರೆಗೆ ಕೇಂದ್ರದ ನೆರವು ಅದಕ್ಕೆ ಸಲ್ಲುತ್ತದೆ, ಅಲ್ಲಿಂದ ಹೊರಡುವ ಫೀಡರ್ ತಂತಿಯ ಪಂಪುಗಳಿಗೆ ಹಗಲು ಕರೆಂಟು ಬರುತ್ತದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಇದರ ಪರವಾದ ವಾದ ಗಟ್ಟಿಯಾಗಿದೆ. ವಿದ್ಯುತ್ ಅಗ್ಗ, ರೈತನಿಗೆ ಖರ್ಚಿಲ್ಲ, ರಾತ್ರಿ ಹೊಲಕ್ಕೆ ಹೋಗಿ ಹಾವು ತುಳಿಯುವ ಭಯವಿಲ್ಲ, ಪೂರೈಕೆಯ ಗಂಟೆಗಳ ಮಿತಿಯೂ ಉಳಿಯುತ್ತದೆ. ಅಂತರ್ಜಲದ ದೃಷ್ಟಿಯಿಂದ ಒಂಟಿ ಪಂಪಿಗಿಂತ ಇದು ಖಂಡಿತ ಮೇಲು, ಏಕೆಂದರೆ ಕರೆಂಟು ಮೊದಲೇ ಪುಕ್ಕಟೆಯಾಗಿರುವ ಕಡೆ ಗಂಟೆಗಳ ಮಿತಿಯೊಂದೇ ಕಡಿವಾಣ. ಆದರೆ ಬೋರಿಗೆ ಮೀಟರ್ ಬರುವುದಿಲ್ಲ, ಉಳಿಸಿದ ಯೂನಿಟ್ಟಿನ ಲಾಭ ರೈತನಿಗೆ ತಲುಪುವುದಿಲ್ಲ. ಸಹಾಯಧನದ ಫಲಾನುಭವಿ ಎಂದು ಅವನ ಹೆಸರಿದ್ದರೂ ಮಾರಾಟದ ಒಪ್ಪಂದದಲ್ಲಿ ಅವನಿಲ್ಲ. ಗ್ರಿಡ್‌ನಲ್ಲಿರುವ ಒಂದೊಂದೇ ಪಂಪಿಗೆ ಅದರ ಸಾಮರ್ಥ್ಯದ ಎರಡರಷ್ಟರವರೆಗೆ ಫಲಕ ಹಾಕಿ, ಹೆಚ್ಚುವರಿಯನ್ನು ರೈತನೇ ಮಾರುವ ದಾರಿ ಅದೇ ‘ಸಿ’ ಘಟಕದ ಮಾರ್ಗಸೂಚಿಯಲ್ಲಿ ಈಗಲೂ ಅಚ್ಚಾಗಿದೆ. ಅದನ್ನು ಮೊದಲೇ ಮಾಡಿ ನೋಡಿದ ಅನುಭವ ಇರುವುದು ಕನಕಪುರದ ಆ ಮುನ್ನೂರು ಪಂಪುಗಳಿಗೆ.