ನಮ್ಮ ಡಿಗ್ರಿ ಮೂರು ವರ್ಷನಾ, ನಾಲ್ಕು ವರ್ಷನಾ? ತೀರ್ಮಾನ ಮಾಡೋದು ಯಾರು?

ಭಾಗ 1/5 📚

2024ರಲ್ಲಿ ನಾನು ಬಿಕಾಂ ಸೆಕೆಂಡ್ ಇಯರ್‌ಗೆ ಹೋದೆ. ಅದೇ ವರ್ಷ ನಮ್ಮ ಬೀದಿಯ ಹುಡುಗಿಯೊಬ್ಬಳು ಫಸ್ಟ್ ಇಯರ್ ಸೇರಿದಳು. ಅವಳಿಗೆ ಕೊಡೋಣ ಅಂತ ನನ್ನ ಹಳೇ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದೆ. ಅವಳು ಬಂದು ಸಿಲಬಸ್ ತೋರಿಸಿದಾಗ ಗೊತ್ತಾಯ್ತು, ಅರ್ಧಕ್ಕರ್ಧ ಪುಸ್ತಕ ಉಪಯೋಗಕ್ಕೆ ಬರಲ್ಲ. ನಾನು ಎನ್‌ಇಪಿ ಬ್ಯಾಚ್, ಅವಳು ಎಸ್‌ಇಪಿ ಬ್ಯಾಚ್. ಒಂದೇ ಕಾಲೇಜು, ಒಂದೇ ಕೋರ್ಸು, ಇರೋದು ಒಂದೇ ವರ್ಷದ ಅಂತರ.

ಜೊತೆಗೆ ಬಂದಿದ್ದ ಅವಳಮ್ಮ ಕೇಳಿದ್ರು, "ಇದನ್ನೆಲ್ಲ ಬದಲಾಯಿಸೋದು ದಿಲ್ಲಿಯವರೋ, ಬೆಂಗಳೂರಿನವರೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ. ಸೇವ್ ಮಾಡ್ಕೊಳ್ಳಿ.

ಭಾಗ 2/5 📜

ಈ ಹಗ್ಗಜಗ್ಗಾಟಕ್ಕೆ ನೂರು ವರ್ಷ ದಾಟಿದೆ. 1919ರ ಕಾಯ್ದೆಯಲ್ಲಿ ಬ್ರಿಟಿಷರು ಶಿಕ್ಷಣವನ್ನ ಪ್ರಾಂತ್ಯಗಳ ಭಾರತೀಯ ಮಂತ್ರಿಗಳಿಗೆ ಬಿಟ್ಟುಕೊಟ್ಟರು. ಹಣಕಾಸು ಮಾತ್ರ ಗವರ್ನರ್ ಕಡೆಯವರ ಕೈಯಲ್ಲೇ ಉಳೀತು. ಜವಾಬ್ದಾರಿ ಒಬ್ಬರದು, ಬೀಗದಕೈ ಇನ್ನೊಬ್ಬರದು!

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಶಿಕ್ಷಣ ಇದ್ದಿದ್ದು ರಾಜ್ಯ ಪಟ್ಟಿಯಲ್ಲಿ, 11ನೇ ನಮೂದು. ಆದ್ರೆ ಕೇಂದ್ರ ಪಟ್ಟಿಯ 66ನೇ ನಮೂದಿನಲ್ಲಿ ಒಂದು ಸಾಲು ಇದೆ: ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾಡೋದು, ಅದನ್ನ ಹೊಂದಿಸೋದು ಕೇಂದ್ರದ ಕೆಲಸ. 1956ರಲ್ಲಿ ಯುಜಿಸಿ ಕಾಯ್ದೆ ಬಂದಿದ್ದು ಇದೇ ಅಧಿಕಾರದ ಮೇಲೆ.

ಆ ಒಂದು ಸಾಲಿಗೆ ಎಷ್ಟು ಬಲ ಇದೆ ಅಂತ 1962ರಲ್ಲಿ ಗೊತ್ತಾಯ್ತು. ಗುಜರಾತ್ ವಿಶ್ವವಿದ್ಯಾಲಯ ಗುಜರಾತಿಯಲ್ಲೇ ಪಾಠ ಆಗಬೇಕು ಅಂದಿತು. ಮಗನನ್ನ ಇಂಗ್ಲಿಷ್‌ನಲ್ಲಿ ಓದಿಸಬೇಕು ಅಂತಿದ್ದ ಕೃಷ್ಣ ರಂಗನಾಥ ಮುಧೋಳ್ಕರ್ ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟ್ ಬಹುಮತದ ತೀರ್ಪಿನಲ್ಲಿ ಅವರ ಪರ ನಿಂತಿತು. ಪಾಠದ ಭಾಷೆಯಿಂದ ಗುಣಮಟ್ಟದ ಮೇಲೆ ಪರಿಣಾಮ ಆಗೋದಾದ್ರೆ ಅಲ್ಲಿ ಕೇಂದ್ರದ ಅಧಿಕಾರವೇ ಮೇಲು ಅಂತ ಹೇಳಿತು. ಅಂದ್ರೆ ಶಿಕ್ಷಣ ಪೂರ್ತಿ ರಾಜ್ಯದ ಪಟ್ಟಿಯಲ್ಲಿದ್ದಾಗಲೂ ಪೂರ್ತಿ ರಾಜ್ಯದ್ದಾಗಿರಲಿಲ್ಲ.

ಭಾಗ 3/5 ⚖️

ದೊಡ್ಡ ತಿರುವು ಬಂದಿದ್ದು ಎಮರ್ಜೆನ್ಸಿಯಲ್ಲಿ. ಹಲವು ವಿರೋಧ ಪಕ್ಷದ ನಾಯಕರು ಜೈಲಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್. ಆಗ, 1976ರಲ್ಲಿ, 42ನೇ ತಿದ್ದುಪಡಿ ಪಾಸಾಯ್ತು. ರಾಜ್ಯ ಪಟ್ಟಿಯಿಂದ ಐದು ವಿಷಯ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿದ್ರು. ಕಾಡು, ವನ್ಯಜೀವಿ, ತೂಕ-ಅಳತೆ, ನ್ಯಾಯಾಡಳಿತದ ಜೊತೆಗೆ ಶಿಕ್ಷಣವೂ ಹೋಯ್ತು. 1977ರ ಜನವರಿ 3ರಿಂದ ಜಾರಿ.

ಸಮವರ್ತಿ ಅಂದ್ರೆ ನಮ್ಮ ಭಾಷೇಲಿ ಜಾಯಿಂಟ್ ಅಕೌಂಟ್. ಇಬ್ಬರೂ ಸಹಿ ಹಾಕಬಹುದು. ಆದ್ರೆ ಸಮ ಪಾಲು ಅಂತ ತಿಳ್ಕೋಬೇಡಿ. ಎರಡೂ ಸರ್ಕಾರದ ಕಾನೂನು ಒಂದಕ್ಕೊಂದು ವಿರುದ್ಧವಾದ್ರೆ, 254ನೇ ವಿಧಿ ಪ್ರಕಾರ ಸಾಮಾನ್ಯವಾಗಿ ನಿಲ್ಲೋದು ಸಂಸತ್ತಿನ ಕಾನೂನು.

ಮುಂದೆ ಸರ್ಕಾರ ಬದಲಾಯ್ತು. 1978ರ 44ನೇ ತಿದ್ದುಪಡಿ ಎಮರ್ಜೆನ್ಸಿ ಕಾಲದ ಎಷ್ಟೋ ಬದಲಾವಣೆಗಳನ್ನ ತೆಗೆದುಹಾಕಿತು. ಶಿಕ್ಷಣ ಮಾತ್ರ ವಾಪಸ್ ರಾಜ್ಯ ಪಟ್ಟಿಗೆ ಬರಲೇ ಇಲ್ಲ.

ಭಾಗ 4/5 🔧

ಹಾಗಾದ್ರೆ ಕೇಂದ್ರದ್ದೇ ತಪ್ಪಾ? ಒಂದು ನಿಮಿಷ, ನಿಮ್ಮ ಐಟಿಐ ಫ್ರೆಂಡ್‌ನ ನೆನಪು ಮಾಡ್ಕೊಳ್ಳಿ.

ಕಾರ್ಮಿಕರ ವೃತ್ತಿ ತರಬೇತಿ 1950ರಿಂದಲೂ ಸಮವರ್ತಿ ಪಟ್ಟಿಯಲ್ಲೇ ಇದೆ. ಸರ್ಕಾರಿ ಐಟಿಐ ನಡೆಸೋದು ರಾಜ್ಯ. ಟ್ರೇಡ್‌ನ ಸಿಲಬಸ್, ಪರೀಕ್ಷೆಯ ಮಾನದಂಡ, ರಾಷ್ಟ್ರೀಯ ಸರ್ಟಿಫಿಕೇಟ್ ಎಲ್ಲ ಕೇಂದ್ರದ ಕಡೆಯಿಂದ. ಇದಕ್ಕೆ ಕಾರಣ ಸರಳ. ಹುಬ್ಬಳ್ಳಿಯಲ್ಲಿ ಫಿಟ್ಟರ್ ಕಲಿತ ಹುಡುಗ ಪುಣೆಯ ಫ್ಯಾಕ್ಟರಿಗೆ ಹೋದಾಗ "ಇದು ಯಾವ ಸರ್ಟಿಫಿಕೇಟ್?" ಅಂತ ಯಾರೂ ಕೇಳಬಾರದು.

ಅಂದ್ರೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಇದ್ರೆ ನಮಗೇ ಲಾಭ. ಅಳತೆ ಹೇಳೋರು ಬಟ್ಟೆಯನ್ನೂ ತಾವೇ ಹೊಲಿಯೋಕೆ ಕೂತಾಗ ಜಗಳ ಶುರುವಾಗುತ್ತೆ. ಊರೂರಿನ ಮಕ್ಕಳ ಮೈಕಟ್ಟು ಬೇರೆ ಬೇರೆ ಅಲ್ವಾ?

ಭಾಗ 5/5 🎓

ಈಗ ನಮ್ಮ ಕಥೆಗೆ ಬರೋಣ. 2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ಎನ್‌ಇಪಿಗೆ ಒಪ್ಪಿಗೆ ಕೊಟ್ಟಿತು. 2021ರಲ್ಲಿ ಅದನ್ನ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. 2023ರಲ್ಲಿ ಸರ್ಕಾರ ಬದಲಾಯ್ತು. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸೋಕೆ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. ಅದರ ಮಧ್ಯಂತರ ವರದಿ ಆಧರಿಸಿ, 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷ ಅಂತ ಆದೇಶ ಆಯ್ತು.

ಕೇಂದ್ರದ ನೀತಿಯನ್ನ ರಾಜ್ಯ ಹೀಗೆ ಬಿಡಬಹುದಾ ಅಂತ ಕೇಳಿದ್ರೆ, ನೀತಿ ಬೇರೆ, ಕಾನೂನು ಬೇರೆ. ಎನ್‌ಇಪಿ ಸಂಸತ್ತು ಪಾಸು ಮಾಡಿದ ಕಾಯ್ದೆ ಅಲ್ಲ. ಅದಕ್ಕೇ ಒಂದು ಸರ್ಕಾರ ಒಪ್ಪಿಕೊಳ್ಳೋಕೂ ಆಯ್ತು, ಇನ್ನೊಂದು ಸರ್ಕಾರ ಕೈಬಿಡೋಕೂ ಆಯ್ತು.

ಹಾಗಾಗಿ ಆ ಅಮ್ಮನಿಗೆ ನನ್ನ ಉತ್ತರ: "ಇಬ್ಬರೂ ಆಂಟಿ." ತಂದವರಿಗೂ ಕಾರಣ ಇತ್ತು, ತೆಗೆದವರಿಗೂ ಕಾರಣ ಇತ್ತು. ಆದ್ರೆ ಜಾಯಿಂಟ್ ಅಕೌಂಟ್‌ನಲ್ಲಿ ಇಬ್ಬರು ಸಹಿ ಹಾಕ್ತಾರೆ, ಅದರಲ್ಲಿರೋದು ನಮ್ಮ ವರ್ಷಗಳು. ಬದಲಾವಣೆ ಬೇಡ ಅಂತ ನಾನು ಹೇಳ್ತಿಲ್ಲ. ಮಾಡೋ ಮೊದಲು ನಮ್ಮನ್ನೂ ಕೂರಿಸಿ ಕೇಳಿ ಅಂತಷ್ಟೇ. ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ, ಯಾವ ಪಕ್ಷದವರೇ ಆಗಲಿ, ಇದೊಂದು ಪ್ರಶ್ನೆ ಹಾಕಿ.

ಆ ಚೀಲ ಇನ್ನೂ ನಮ್ಮನೆ ಅಟ್ಟದ ಮೇಲಿದೆ. ನಿಮ್ಮದು ಯಾವ ಬ್ಯಾಚ್? ನಿಮ್ಮ ಪುಸ್ತಕ ಜೂನಿಯರ್‌ಗೆ ಉಪಯೋಗಕ್ಕೆ ಬಂತಾ? ಕಾಮೆಂಟಲ್ಲಿ ಹೇಳಿ 👇

#ಬಿಕಾಂಹುಡುಗರಇತಿಹಾಸ #ನಮ್ಮಡಿಗ್ರಿನಮ್ಮಪ್ರಶ್ನೆ