ಬ್ಯಾಟ್ರಿಯೊಳಗಿನ ಶೆಲ್ಲು: ಚಳ್ಳಕೆರೆ ಸೀಮೆಯ ರಾತ್ರಿ ಬೆಳಕು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ವರ್ಷದಲ್ಲಿ ಬೀಳುವ ಮಳೆ ಐನೂರು ಮಿಲಿಮೀಟರ್ ಆಸುಪಾಸು. ಮಿಕ್ಕದ್ದಕ್ಕೆಲ್ಲ ಬೋರನ್ನೇ ನಂಬಬೇಕು, ಬೋರು ತ್ರೀ ಫೇಸ್ ಕರೆಂಟನ್ನು ನಂಬಬೇಕು. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ಎಂದು ಸರ್ಕಾರ ಹೇಳುವ ಆ ಕರೆಂಟಿನಲ್ಲಿ ಒಂದು ಪಾಲು ರಾತ್ರಿ ಪಾಳಿಗೆ ಬೀಳುವುದು ಮಾಮೂಲು. ಸರಿರಾತ್ರಿಯಲ್ಲಿ ನೀರು ಕಟ್ಟಲು ಹೊರಟವರ ಒಂದು ಕೈಯಲ್ಲಿ ಸನಿಕೆ, ಇನ್ನೊಂದರಲ್ಲಿ ಬ್ಯಾಟ್ರಿ, ಅಂದರೆ ಟಾರ್ಚು. ಶೇಂಗಾ ಹೊಲದಲ್ಲಿ ಹಂದಿ ಕಾಯುವವರು, ಕುರಿ ರೊಪ್ಪದ ಪಕ್ಕ ಮಲಗುವವರು, ಮೊಳಕಾಲ್ಮುರಿನ ಬಂಡೆಗುಡ್ಡಗಳ ಬುಡದಲ್ಲಿ ಕರಡಿಯ ಭಯದಿಂದ ನಡೆಯುವವರು, ಎಲ್ಲರಿಗೂ ಅದು ಬೇಕು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ ಆದೇಶಿಸಿದ್ದು 2024ರಲ್ಲಿ. ಬದುವಿನ ಮೇಲೆ ಕೊಳಕುಮಂಡಲ ಮಲಗಿರುತ್ತದೆಂಬುದು ನೀರು ಕಟ್ಟುವವರಿಗೆ ಅದಕ್ಕೆಷ್ಟೋ ಮುಂಚಿನಿಂದ ಗೊತ್ತು.

ಹಳೆಯ ಕಾಲದ ಮೂರು ಶೆಲ್ಲಿನ ಬ್ಯಾಟ್ರಿಯ ಲೆಕ್ಕ ಸರಳವಾಗಿತ್ತು. ಒಂದೂವರೆ ವೋಲ್ಟಿನ ಮೂರು ದಪ್ಪ ಶೆಲ್ಲು, ಮುಂದೆ ಒಂದು ತಂತಿ ಬಲ್ಬು. ಇಪ್ಪತ್ತು ಲ್ಯೂಮೆನ್ ಬೆಳಕು ಸಿಕ್ಕರೆ ಹೆಚ್ಚು. ಶೆಲ್ಲು ಸೊರಗಿದಂತೆ ಬೆಳಕು ಕೆಂಪಾಗುತ್ತಿತ್ತು. ಆಗ ಅವನ್ನು ಬಿಸಿಲಿಗಿಟ್ಟು ಇನ್ನೊಂದು ರಾತ್ರಿ ದೂಡುತ್ತಿದ್ದರು. ಆಮೇಲೆ ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವ, ಒಳಗೆ ನಾಲ್ಕು ವೋಲ್ಟಿನ ಸೀಸದ ಬ್ಯಾಟರಿ ಇರುವ ಪ್ಲಾಸ್ಟಿಕ್ ಟಾರ್ಚುಗಳು ಬಂದವು. ಚಾರ್ಜು ಇಳಿದ ಮೇಲೆ ನಾಲ್ಕು ದಿನ ಮೂಲೆಗಿಟ್ಟರೆ ಸಾಯುವ ಜಾತಿ ಅವು. ಹೆಚ್ಚು ಹೇಳುವಂಥದ್ದೇನಿಲ್ಲ.

ತಿರುವು ಬಂದದ್ದು ಎರಡು ಬೇರೆ ಬೇರೆ ಪ್ರಯೋಗಶಾಲೆಗಳ ದಾರಿಯಿಂದ. ಮರುಚಾರ್ಜಿನ ಲಿಥಿಯಂ ಅಯಾನ್ ಕೋಶವನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ದುಡಿಮೆಗೆ ಗುಡ್ಇನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಸಿಕ್ಕಿತು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದ ಮೇಲೆ, 1996ರ ಹೊತ್ತಿಗೆ ಬಿಳಿ ಎಲ್‌ಇಡಿ ಅಂಗಡಿಗೆ ಬಂತು. ಎರಡೂ ಹೇಳಿ ಮಾಡಿಸಿದ ಜೋಡಿ: ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು ಮೂರು ವೋಲ್ಟು, ಲಿಥಿಯಂ ಕೋಶ ಕೊಡುವುದು 3.6. ಮೂರು ಶೆಲ್ಲಿನ ಕೆಲಸಕ್ಕೆ ಒಂದೇ ಸಾಕಾಯಿತು.

ಹಳ್ಳಿಯ ಜೇಬಿಗೆ ಲಿಥಿಯಂ ಬೆಳಕು ಹೊಕ್ಕಿದ್ದು ಮಾತ್ರ ಟಾರ್ಚಿನ ವೇಷದಲ್ಲಿ ಅಲ್ಲ, ಫೋನಿನ ವೇಷದಲ್ಲಿ. 2003ರಲ್ಲಿ ಬಂದ ನೋಕಿಯಾ 1100ರ ನೆತ್ತಿಯಲ್ಲಿ ಒಂದು ಪುಟ್ಟ ದೀಪವಿತ್ತು, ಬೆನ್ನಲ್ಲಿ ಬಿಎಲ್-5ಸಿ ಎಂಬ ಚಪ್ಪಟೆ ಬ್ಯಾಟರಿ. ಜಗತ್ತಿನಾದ್ಯಂತ ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನು ಮೂಲೆ ಸೇರಿದ ಮೇಲೂ ಅದರ ಬ್ಯಾಟರಿ ನಿವೃತ್ತವಾಗಲಿಲ್ಲ. ಎಫ್‌ಎಂ ರೇಡಿಯೋ, ಅಗ್ಗದ ಟಾರ್ಚುಗಳೆಲ್ಲ ಅದೇ ಅಳತೆಯ ಗೂಡು ಇಟ್ಟುಕೊಂಡು ಹುಟ್ಟಿದವು. ನನ್ನ ಕಣ್ಣಿಗೆ ಈ ಇಡೀ ಕಥೆಯ ನಿಜವಾದ ನಾಯಕ ಅದೇ. ಎಲ್ಲಿ ಹೋದರೂ ಸಿಗುವ ಒಂದೇ ಅಳತೆಯ ಬ್ಯಾಟರಿ, ಯಾವ ಅಂಗಡಿಯವನಾದರೂ ಬದಲಿಸಬಲ್ಲ. ಇವತ್ತಿನ ದುಬಾರಿ ಟಾರ್ಚುಗಳಲ್ಲಿ ಎಷ್ಟಕ್ಕೆ ಈ ಗುಣವಿದೆ?

ಈಗಿನ ಆಟ ಉರುಳೆ ಕೋಶಗಳದ್ದು. ಹೆಸರಿನಲ್ಲೇ ಅಳತೆ ಅಡಗಿದೆ: 18650 ಎಂದರೆ 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಗುರುತು. ಟೆಸ್ಲಾ ಕಾರಿಗಾಗಿ 2017ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ 21700 ಅದರ ದೊಡ್ಡಣ್ಣ. ಕೆಳಗೆ ಗಿಡ್ಡ 18350, ಇನ್ನೂ ಗಿಡ್ಡ 16340, ಮಾಮೂಲಿ ಪೆನ್ ಸೆಲ್ಲಿನ ಗಾತ್ರದ 14500. ಹೆಬ್ಬೆರಳುದ್ದದ ಟಾರ್ಚಿನ ಡಬ್ಬಿಯ ಮೇಲೆ ‘1000 ಲ್ಯೂಮೆನ್’ ಎಂದು ಬರೆದಿದ್ದರೆ ಅದರೊಳಗೆ ಇರುವುದು ಈ ಚಿಕ್ಕವುಗಳಲ್ಲೊಂದು.

ಇಲ್ಲಿ ಪೆನ್ಸಿಲ್ ಹಿಡಿಯಬೇಕು. ಸಾವಿರ ಲ್ಯೂಮೆನ್‌ಗೆ ಒಳ್ಳೆಯ ಎಲ್‌ಇಡಿ ಸುಮಾರು ಹತ್ತು ವ್ಯಾಟ್ ಕೇಳುತ್ತದೆ, ಅಂದರೆ ಕೋಶದಿಂದ ಮೂರು ಆಂಪಿಯರಿನ ಹತ್ತಿರ ಎಳೆಯಬೇಕು. 16340ರೊಳಗೆ ಇರುವುದು ಏಳುನೂರು ಮಿಲಿಆಂಪ್ ಅವರ್, ಎರಡೂವರೆ ವ್ಯಾಟ್ ಅವರ್. ಹದಿನೈದೇ ನಿಮಿಷಕ್ಕೆ ಮುಗಿಯಿತು. 14500 ಇಪ್ಪತ್ತು ನಿಮಿಷ ಏಗಬಹುದು. ಮೂರು ಸಾವಿರದ 18650 ಒಂದು ಗಂಟೆ, ಐದು ಸಾವಿರದ 21700 ಒಂದೂಮುಕ್ಕಾಲು ಗಂಟೆ. ಅಷ್ಟರೊಳಗೆ ಪುಟ್ಟ ಮೈ ಕಾದು ಟಾರ್ಚು ತಾನೇ ಬೆಳಕು ಇಳಿಸಿಕೊಳ್ಳುತ್ತದೆ, ಆ ಮಾತು ಬೇರೆ. ಅದೇ 18650ಯನ್ನು ನೂರು ಲ್ಯೂಮೆನ್‌ನಲ್ಲಿ ಉರಿಸಿದರೆ ಇಡೀ ರಾತ್ರಿಯ ಪಾಳಿ ಕಳೆಯುತ್ತದೆ. ನೀರು ಕಟ್ಟಲು ನೂರು ಧಾರಾಳ. ಹಳೆಯ ಮೂರು ಶೆಲ್ಲಿನದರ ಐದು ಪಟ್ಟು. ಗುಡ್ಡದಂಚಿನಲ್ಲಿ ಕರಡಿಯನ್ನು ದೂರದಿಂದಲೇ ಕಾಣಬೇಕಾದವರಿಗೆ ಲ್ಯೂಮೆನ್‌ಗಿಂತ ಕ್ಯಾಂಡೆಲಾ, ಅಂದರೆ ಕಿರಣದ ತೀವ್ರತೆ, ಮುಖ್ಯ. ಹತ್ತು ಸಾವಿರ ಕ್ಯಾಂಡೆಲಾದ ಕಿರಣ, 2009ರಿಂದ ಚಾಲ್ತಿಯಲ್ಲಿರುವ ಎಫ್‌ಎಲ್-1 ಮಾನದಂಡದ ಲೆಕ್ಕದಲ್ಲಿ, ಇನ್ನೂರು ಮೀಟರ್ ಮುಟ್ಟುತ್ತದೆ.

ಕೋಶ ಆರಿಸುವಾಗ ಎಲ್ಲರ ಕಣ್ಣೂ ಮಿಲಿಆಂಪ್ ಅವರ್ ಮೇಲೆಯೇ. ಆದರೆ ತೊಟ್ಟಿಯಲ್ಲಿ ನೀರೆಷ್ಟಿದೆ ಎಂಬುದು ಒಂದು, ಪೈಪಿನ ಬಾಯಿ ಎಷ್ಟಗಲ ಎಂಬುದು ಇನ್ನೊಂದು. ಐಸಿಆರ್ ಎಂದು ಬರೆದ ಕೋಬಾಲ್ಟ್ ಕೋಶದ ಬಾಯಿ ಕಿರಿದು. ಅದರಿಂದ ಜೋರಾಗಿ ಎಳೆದರೆ ವೋಲ್ಟೇಜು ಕುಸಿಯುತ್ತದೆ, ಮೈ ಕಾಯುತ್ತದೆ. ಐಎಂಆರ್ ಎಂಬ ಮ್ಯಾಂಗನೀಸಿನ ಕೋಶ ಧಾರಾಳಿ, ಆದರೆ ಸಂಗ್ರಹ ಕಡಿಮೆ. ಐಎನ್‌ಆರ್ ಎಂಬ ನಿಕಲ್ ಮಿಶ್ರಣದವು ಎರಡನ್ನೂ ತಕ್ಕಮಟ್ಟಿಗೆ ಸರಿದೂಗಿಸುತ್ತವೆ. ಪುಟ್ಟ ಟಾರ್ಚಿಗೆ ಕೊಳ್ಳುವುದಾದರೆ ಕೋಶ ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನೇ ಮೊದಲು ಕೇಳಬೇಕು.

ಇನ್ನು ಸುಳ್ಳಿನ ವ್ಯಾಪಾರ. 18650ರ ಮೈಮೇಲೆ 9900 ಎಂದು ಅಚ್ಚು ಹಾಕಿದ್ದರೆ ಅದು ಬರೀ ಅಚ್ಚು. ಒಳ್ಳೆಯ ತಯಾರಕರದ್ದೇ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೂ ಗುಟ್ಟು ತಿಳಿಯುತ್ತದೆ. ಅಸಲಿಯದು ನಲವತ್ತೈದು ಗ್ರಾಂ ದಾಟುತ್ತದೆ, ಮೂವತ್ತಕ್ಕೇ ನಿಂತರೆ ಹಿಂದಿರುಗಿಸಬೇಕು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತು ಹೊಸ ಹೊದಿಕೆ ತೊಡಿಸಿದವು ತೂಕದಲ್ಲಿ ಪಾಸಾಗಿಬಿಡುತ್ತವೆ. ಅದಕ್ಕೆ ಐಎಸ್ 16046ರ ನೋಂದಣಿ ಗುರುತು ನೋಡುವುದು, ತಳದಲ್ಲಿ ರಕ್ಷಣಾ ಸರ್ಕ್ಯೂಟ್ ಇರುವುದನ್ನೇ ಕೇಳುವುದು ಕ್ಷೇಮ. ಸರ್ಕ್ಯೂಟಿನಿಂದ ಕೋಶ ತುಸು ಉದ್ದವಾಗುತ್ತದೆ, ಎಲ್ಲ ಟಾರ್ಚಿಗೂ ಕೂರುವುದಿಲ್ಲ. ಟಾರ್ಚನ್ನು ಅಂಗಡಿಗೇ ಒಯ್ಯುವುದು ಮೇಲು.

ಈ ಸೀಮೆಯ ಬೇಸಿಗೆ ಲಿಥಿಯಂ ಕೋಶಕ್ಕೆ ದೊಡ್ಡ ಶತ್ರು. ಪೂರ್ತಿ ಚಾರ್ಜಾದ ಕೋಶ, ಅಂದರೆ 4.2 ವೋಲ್ಟಿನಲ್ಲಿರುವುದು, ಏಪ್ರಿಲ್ ಬಿಸಿಲಲ್ಲಿ ಟ್ರ್ಯಾಕ್ಟರಿನ ಟೂಲ್ ಡಬ್ಬಿಯೊಳಗೆ ದಿನಗಟ್ಟಲೆ ಬಿದ್ದರೆ ಬಹಳ ಬೇಗ ಮುದಿಯಾಗುತ್ತದೆ. ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಗೂಡಿನಲ್ಲಿ ಇಡಬೇಕು. ಸೆಕೆಯನ್ನು ತಾಳಿಕೊಳ್ಳುವುದು ಐಎಫ್‌ಆರ್ ಎಂಬ ಕಬ್ಬಿಣ–ಫಾಸ್ಫೇಟಿನ ಜಾತಿ. ಬೆಂಕಿಯ ಅಪಾಯ ಕಡಿಮೆ, ಸಾವಿರಾರು ಸಲ ಚಾರ್ಜಾಗುತ್ತದೆ. ಸೋಲಾರ್ ದೀಪಗಳಲ್ಲಿ 32650 ಗಾತ್ರದಲ್ಲಿ ಅದು ಈಗಾಗಲೇ ಊರೂರಲ್ಲಿದೆ. ಆದರೆ ಅದರ ವೋಲ್ಟು 3.2 ಮಾತ್ರ, ಅದೇ ಗಾತ್ರದಲ್ಲಿ ತುಂಬಿಸಿಕೊಳ್ಳುವ ಶಕ್ತಿಯೂ ಕಡಿಮೆ. ಹೀಗಾಗಿ ಜೇಬಿನ ಟಾರ್ಚಿಗೆ ಅದಿನ್ನೂ ಅಷ್ಟಾಗಿ ಇಳಿದಿಲ್ಲ. ಕುರಿ ರೊಪ್ಪಕ್ಕೆ ನೇತುಹಾಕುವ ದೀಪಕ್ಕೆ ನಾನಂತೂ ಅದನ್ನೇ ಹೇಳುತ್ತೇನೆ. ಕೈಯಲ್ಲಿ ಹಿಡಿಯುವುದಕ್ಕೆ ಒಂದೇ 18650ಯ, ಕೋಶ ತೆಗೆದು ಹಾಕಬಹುದಾದ ಟಾರ್ಚು. 14500ರದ್ದು ಬೇಕೇ ಬೇಕೆಂದರೆ ಪೆನ್ ಸೆಲ್ಲಿನಲ್ಲೂ ಉರಿಯುವ ಮಾದರಿಯನ್ನೇ ಹುಡುಕಬೇಕು. ಕರೆಂಟಿಲ್ಲದ ವಾರದಲ್ಲಿ ಹಟ್ಟಿಯ ಗೂಡಂಗಡಿಯಲ್ಲಿ ಸಿಗುವುದು ಆ ಪೆನ್ ಸೆಲ್ಲೇ.