ದೊಡ್ಡ ಸಿಕ್ಲಿಡ್ ಮೀನುಗಳಿಗೆ ಅಕ್ವೇರಿಯಂನಲ್ಲಿ ನದಿಯ ನೆಲೆ: ಗಜೇಂದ್ರಗಡ ಭಾಗಕ್ಕೆ ಸೂಕ್ತ ಕ್ರಮಗಳು

ಪೀಠಿಕೆ

ಸಿಕ್ಲಿಡ್ ಕುಟುಂಬದ ಮೂರು ಪ್ರಭೇದಗಳು ಭಾರತಕ್ಕೆ ಸ್ಥಳೀಯವಾದವು. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ಕರಾವಳಿಯ ನದಿಗಳ ಮೀನು. ಇದನ್ನು ಫ್ರಾನ್ಸಿಸ್ ಡೇ ಅವರು 1877ರಲ್ಲಿ ವೈಜ್ಞಾನಿಕವಾಗಿ ವಿವರಿಸಿದರು. ಆದರೆ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಅಮೆಜಾನ್ ನದಿ ಪ್ರದೇಶದ ಆಸ್ಕರ್. ಬೆರಳುದ್ದದ ಮರಿಯಾಗಿ ಮನೆಗೆ ಬರುವ ಈ ಮೀನು ಸುಮಾರು 30 ಸೆಂ.ಮೀ. ಬೆಳೆದು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಆದ್ದರಿಂದ ಮರಿಯ ಗಾತ್ರವನ್ನಲ್ಲ, ಬೆಳೆದ ಮೀನಿನ ಗಾತ್ರವನ್ನು ನೋಡಿ ತೊಟ್ಟಿಯನ್ನು ಆಯ್ಕೆ ಮಾಡಬೇಕು.

ನದಿಯ ಕೆಲಸವೇನು?

ಕಲ್ಲು, ಮರಳು, ಮರದ ಬೇರುಗಳನ್ನು ಜೋಡಿಸಿದ ಮಾತ್ರಕ್ಕೆ ನದಿಯ ನೆಲೆ ಆಗುವುದಿಲ್ಲ. ಹರಿಯುವ ನೀರು ಮೀನಿನ ತ್ಯಾಜ್ಯವನ್ನು ಕೊಂಡೊಯ್ದು ಆಮ್ಲಜನಕವನ್ನು ತರುತ್ತದೆ. ತೊಟ್ಟಿಯಲ್ಲಿ ಈ ಕೆಲಸವನ್ನು ಶೋಧಕ, ಗಾಳಿ ಯಂತ್ರ ಹಾಗೂ ವಾರದ ನೀರು ಬದಲಾವಣೆ ಮಾಡಬೇಕು.

ತೊಟ್ಟಿಯ ಅಳತೆ

ಒಂದು ಜೊತೆ ಆಸ್ಕರ್ ಮೀನಿಗೆ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಸೂಕ್ತ. ಇದು ಸುಮಾರು 560 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 560 ಕಿ.ಗ್ರಾಂ. ಆಗುವುದರಿಂದ ತೊಟ್ಟಿಯನ್ನು ಗಟ್ಟಿ ನೆಲದ ಮೇಲೆ, ಸಮತಟ್ಟಾದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಇಡಬೇಕು.

ತಳ, ಕಲ್ಲು ಮತ್ತು ಮರ

1. ತೊಳೆದ ನದಿ ಮರಳನ್ನು 4ರಿಂದ 5 ಸೆಂ.ಮೀ. ದಪ್ಪಕ್ಕೆ ಹರಡಬೇಕು. ಸಿಕ್ಲಿಡ್‌ಗಳು ತಳ ಅಗೆಯುವುದರಿಂದ, ದೊಡ್ಡ ಕಲ್ಲುಗಳನ್ನು ಮರಳಿನ ಮೇಲೆ ಇಡದೆ ಮೊದಲೇ ತಳದ ಮೇಲೆ ಭದ್ರವಾಗಿ ಕೂರಿಸಬೇಕು.

2. ಎರೆ ಭೂಮಿಯಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಬಳಸಬಾರದು. ಅವು ನೀರಿನ ಗಡಸುತನವನ್ನು ಹೆಚ್ಚಿಸುತ್ತವೆ. ಕಲ್ಲಿನ ಮೇಲೆ ನಿಂಬೆರಸ ಹಾಕಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ.

3. ಚೆನ್ನಾಗಿ ಒಣಗಿದ ಗಟ್ಟಿ ಮರದ ಬೇರನ್ನು ಮುಳುಗುವವರೆಗೆ ಹಲವು ವಾರ ನೀರಿನಲ್ಲಿ ನೆನೆಸಿ ಬಳಸಬಹುದು. ಹೊಂಗೆ, ಬೇವು, ಕಣಗಿಲೆ, ಕಳ್ಳಿ ಇವುಗಳ ಯಾವ ಭಾಗವನ್ನೂ ಹಾಕಬಾರದು. ಇವು ಮೀನಿಗೆ ವಿಷ.

4. ಒಣಗಿದ ಕಾಡುಬಾದಾಮಿ ಎಲೆಗಳು ನೀರಿಗೆ ನದಿಯ ಕಂದು ಬಣ್ಣ ಕೊಡುತ್ತವೆ. ನೆಟ್ಟ ಗಿಡಗಳನ್ನು ಮೀನು ಕಿತ್ತು ಹಾಕುವುದರಿಂದ ತೇಲುವ ಸಸ್ಯಗಳೇ ಉತ್ತಮ. ಅವು ನೆರಳನ್ನೂ ನೀಡುತ್ತವೆ.

ನೀರಿನ ನಿರ್ವಹಣೆ

ಕೊಳವೆಬಾವಿ ನೀರನ್ನು ಒಂದು ರಾತ್ರಿ ಗಾಳಿ ಹಾಯಿಸಿದ ನಂತರವೇ ಅದರ ರಸಸಾರವನ್ನು ಅಳೆಯಬೇಕು. ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋದ ಮೇಲೆ ರಸಸಾರ ಏರಿ, ನಿಜವಾದ ಮಟ್ಟ ತಿಳಿಯುತ್ತದೆ. ನೀರಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ಇದ್ದಾಗ, ರಸಸಾರ 7ರಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ರಸಸಾರ 8ರಲ್ಲಿ ಅದು ಶೇ. 6ಕ್ಕೂ ಹೆಚ್ಚಾಗುತ್ತದೆ. ಆದ್ದರಿಂದ ಕ್ಷಾರೀಯ ನೀರಿನಲ್ಲಿ ಉಳಿದ ಆಹಾರವನ್ನು ಕೂಡಲೇ ತೆಗೆಯಬೇಕು.

ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅದಕ್ಕೂ ಮೊದಲು ದೊಡ್ಡ ಮೀನುಗಳನ್ನು ಬಿಡಬಾರದು. ಶೋಧಕದ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಡಬೇಕು.

ಎರೆ ಭೂಮಿಯಲ್ಲಿ ನೀರು ಆವಿಯಾಗಿ ಲವಣ ಉಳಿದು ಭೂಮಿ ಸವುಳಾಗುವಂತೆ ತೊಟ್ಟಿಯಲ್ಲಿಯೂ ಆಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಆವಿಯಾದಷ್ಟು ನೀರನ್ನು ಶುದ್ಧ ಮಳೆನೀರಿನಿಂದ ತುಂಬುವುದು ಒಳಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ಏಪ್ರಿಲ್–ಮೇ ತಿಂಗಳಲ್ಲಿ ಗಾಳಿ ಯಂತ್ರವನ್ನು ಹಗಲು ರಾತ್ರಿ ನಡೆಸಬೇಕು. ವಿದ್ಯುತ್ ಕಡಿತಕ್ಕೆ ಬ್ಯಾಟರಿ ಯಂತ್ರ ಸಿದ್ಧವಿರಲಿ.

ಹೊರತೆಗೆದ ನೀರಿನಲ್ಲಿ ಸಾರಜನಕವಿರುತ್ತದೆ. ಉಪ್ಪು ಅಥವಾ ಔಷಧ ಬೆರೆಸದಿದ್ದರೆ ಅದನ್ನು ಕೈತೋಟಕ್ಕೆ ಉಣಿಸಬಹುದು.

ಎಚ್ಚರಿಕೆ

ಬೆಳೆದು ದೊಡ್ಡದಾದ ಮೀನನ್ನು ಕೆರೆ, ಹಳ್ಳ, ಕೃಷಿ ಹೊಂಡ ಅಥವಾ ಮಲಪ್ರಭಾ ನದಿಗೆ ಎಂದಿಗೂ ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. ಅದು ದೇಶದ ಅನೇಕ ಜಲಾಶಯಗಳಲ್ಲಿ ಹರಡಿ, ಸ್ಥಳೀಯ ಮೀನುಗಳೊಂದಿಗೆ ಆಹಾರಕ್ಕೂ ಜಾಗಕ್ಕೂ ಸ್ಪರ್ಧಿಸುತ್ತಿದೆ. ಕೃಷಿ ಹೊಂಡ ತುಂಬಿ ಹರಿದರೆ ಮೀನು ಹಳ್ಳ ಸೇರುತ್ತದೆ. ಹಳ್ಳ ನದಿಯನ್ನು ಸೇರುತ್ತದೆ. ಒಮ್ಮೆ ಹರಡಿದ ಮೀನನ್ನು ಮರಳಿ ಹಿಡಿದು ಮುಗಿಸುವುದು ಅಸಾಧ್ಯವೆಂದೇ ಹೇಳಬೇಕು. ಸಾಕಲು ಆಗದಿದ್ದಲ್ಲಿ ಮೀನನ್ನು ಅಂಗಡಿಗೆ ಹಿಂತಿರುಗಿಸಿ ಅಥವಾ ದೊಡ್ಡ ತೊಟ್ಟಿಯುಳ್ಳ ಮತ್ತೊಬ್ಬ ಸಾಕಣೆದಾರರಿಗೆ ನೀಡಿ. ಅಂತಹ ವ್ಯವಸ್ಥೆಯನ್ನು ಮರಿ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.